ಬೂಮ್ ಷ್ಯಾಕ್-ಅ-ಲ್ಯಾಕ್: ಹೊಸಿಲಾಚೆ ಬಿಟ್ಟ ಮನೆಮಾತು

ಜಮೈಕಾದ ಡಾನ್ಸ್‌ಹಾಲ್ ಎಂದರೆ ರಾಯದುರ್ಗ, ಮಡಕಶಿರದ ನಮ್ಮ ಮಂದಿಗೆ ಯಾವುದೋ ಲೋಕದ ಮಾತೆನ್ನಿಸಬಹುದು. ಆದರೆ ಅದರ ಕಟ್ಟೋಣ ನಮಗೆ ಹೊಸದಲ್ಲ. ಅಲ್ಲಿ 'ರಿಡಿಮ್' ಎಂಬ ಒಂದು ವಾದ್ಯದ ಗತಿ ಸಿದ್ಧವಾದರೆ ಹತ್ತಾರು ಗಾಯಕರು ಅದರ ಮೇಲೆ ತಮ್ಮ ತಮ್ಮ ಮಾತು ಕೂರಿಸುತ್ತಾರೆ. ಹಾಡುವುದಕ್ಕಿಂತ ತಾಳಕ್ಕೆ ಮಾತಾಡುವುದೇ ಹೆಚ್ಚು. ನಮ್ಮ ಕೋಲಾಟದಲ್ಲೂ ಧಾಟಿ ಒಂದು, ಪದ ಹಲವು. ಒಂದು ಪದ ತೆಲುಗು, ಮತ್ತೊಂದು ಕನ್ನಡವಾದರೂ ಕೋಲಿನ ಪೆಟ್ಟು ತಪ್ಪುವುದಿಲ್ಲ.

1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಆ ಸಂಗೀತದ ದಿಕ್ಕನ್ನೇ ಬದಲಿಸಿತು. ಅದರ ಗತಿ ಕ್ಯಾಸಿಯೊ ಎಂಟಿ-40 ಕೀಬೋರ್ಡಿನಲ್ಲಿ ಕಂಪನಿಯವರೇ ತುಂಬಿಟ್ಟಿದ್ದದ್ದು. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಕ್ಯಾಸಿಯೊ ಕಂಡು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು.

ಈ ಗತಿಗೆ ಪಂಜಾಬಿ ಬೆರೆಸಿದವನು ಅಪಾಚಿ ಇಂಡಿಯನ್. ನಿಜ ಹೆಸರು ಸ್ಟೀವನ್ ಕಪೂರ್; 1967ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಕೆರಿಬಿಯನ್ ನೆರೆಹೊರೆಯ ನಡುವೆ ಬೆಳೆದವನು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು; ಈ ಪಾಡು ನಮಗೆ ಯಾರೂ ವಿವರಿಸಬೇಕಾಗಿಲ್ಲ. 'ಅಪಾಚಿ' ಎಂಬುದನ್ನು ಅವನು ಪಡೆದದ್ದು ಜಮೈಕಾದ ಗಾಯಕ ಸೂಪರ್ ಕ್ಯಾಟ್‌ನ ಬಿರುದಿನಿಂದ. ಆ ಸೂಪರ್ ಕ್ಯಾಟ್‌ನ ಮೈಯಲ್ಲೂ ಭಾರತೀಯ ರಕ್ತವಿದೆ: 1845ರಿಂದ ನಮ್ಮ ದೇಶದ ಕೂಲಿಗಳು ಕರಾರಿನ ಮೇಲೆ ಆ ದ್ವೀಪಕ್ಕೆ ಹೋದವರು. ಎಲ್ಲಿಂದ ಎಲ್ಲಿಗೆ ಸುತ್ತಿ ಬಂದ ಹೆಸರು ನೋಡಿ!

1993ರ 'ಅರೇಂಜ್ಡ್ ಮ್ಯಾರೇಜ್' ಹಾಡಿನಲ್ಲಿ ಮನೆಯವರು ಗೊತ್ತುಮಾಡುವ ಮದುವೆಯೇ ವಸ್ತು. ಜಮೈಕಾದ ಬೀದಿನುಡಿಯ ನಡುನಡುವೆ ಪಂಜಾಬಿ ಬರುತ್ತದೆ. ಅಲಂಕಾರಕ್ಕಲ್ಲ, ಮದುವೆಯ ಮಾತು ಆ ನುಡಿಯಲ್ಲೇ ನಡೆಯುವುದರಿಂದ. ಅದು ಬ್ರಿಟನ್ನಿನ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಬಂತು. ಅದೇ ವರ್ಷದ 'ಬೂಮ್ ಷ್ಯಾಕ್-ಅ-ಲ್ಯಾಕ್' 5ನೇ ಸ್ಥಾನಕ್ಕೇರಿತು, ಮರುವರ್ಷ ಹಾಲಿವುಡ್ಡಿನ 'ಡಂಬ್ ಅಂಡ್ ಡಂಬರ್' ಚಿತ್ರವನ್ನೂ ಹೊಕ್ಕಿತು. ಕುಣಿಸುವ ಶಕ್ತಿ ಅದಕ್ಕಿದೆ, ನಾನೂ ಕಾಲು ಕುಟ್ಟಿದ್ದೇನೆ. ಆದರೆ ಅದರಲ್ಲಿ ಹಾಡುಗಾರನ ಮನೆ ಕಾಣುವುದಿಲ್ಲ. ಯಾವ ಊರಿನ ಯಾರು ಬೇಕಾದರೂ ಹಾಡಬಹುದಿತ್ತು. ಬೆರಕೆ ಎಂದು ಹಳಿಯುವವರ ಗುಂಪಿನವನು ನಾನಲ್ಲ. ಬೆರಕೆ ಮುಗಿದು ಒಂದೇ ರುಚಿ ಉಳಿದಿರುವುದೇ ನನ್ನ ತಕರಾರು.

1996ರಲ್ಲಿ ಎ. ಆರ್. ರೆಹಮಾನರ 'ಲವ್ ಬರ್ಡ್ಸ್' ತಮಿಳು ಚಿತ್ರದಲ್ಲಿ ಅವನೇ ಹಾಡಿ, ಪ್ರಭುದೇವನೊಡನೆ ತೆರೆಯ ಮೇಲೂ ಬಂದ. ಅಲ್ಲಿ ಅವನು ಅತಿಥಿ. ಉಪಚಾರಕ್ಕೆ ಕೊರತೆಯಿಲ್ಲ, ಅಷ್ಟೆ.

2022ರಲ್ಲಿ ಮಡಕಶಿರ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಬೋರ್ಡು ಯಾವುದಾದರೇನು, ನಮ್ಮ ಹುಡುಗರು ವೇದಿಕೆಯಲ್ಲಿ ತೆಲುಗು ಹಾಡಿ, ಇಳಿದ ಮೇಲೆ ತಾಯಿಯೊಡನೆ ಕನ್ನಡವಾಡುತ್ತಾರೆ. ಆ ಎರಡನ್ನೂ ಒಂದೇ ಹಾಡಿಗೆ ತರುವ ಹುಡುಗನೊಬ್ಬನಿಗೆ ನಾನು 'ಅರೇಂಜ್ಡ್ ಮ್ಯಾರೇಜ್' ಕೇಳಿಸಲು ಕಾದಿದ್ದೇನೆ.