ಮೆಣಸಿನ ಬೀಜದೊಳಗಣ ಪ್ರತಿಗಳು

ಸಂಕ್ರಾಂತಿ ಕಳೆದ ಮೇಲೆ ಬಳ್ಳಾರಿಯಿಂದ ಹೊರಟು, ದೊಡ್ಡ ಬಸವೇಶ್ವರನ ಕುರುಗೋಡನ್ನು ಹಾದು ಸಿರುಗುಪ್ಪದ ಕಡೆಗೆ ಸಾಗುವಾಗ, ಕಣಗಳಲ್ಲಿ ಹರವಿದ ಮೆಣಸಿನಕಾಯಿಯ ಕೆಂಪೂ ತುಂಗಭದ್ರೆಯ ಕಾಲುವೆಯ ಕೆಳಗಣ ಭತ್ತದ ನಾಟಿಯ ಹಸುರೂ ಒಂದಾದ ಮೇಲೊಂದು ಎದುರಾಗುತ್ತಿರಲು, ಬೀಜಸಂಗ್ರಹವನ್ನೇ ಹವ್ಯಾಸವಾಗಿ ಉಳ್ಳ ನನ್ನಂಥವನಿಗೆ ನಡುನಡುವೆ ಇಳಿಯದೆ ಮುಂದುವರಿಯುವುದು ಅಸಾಧ್ಯ. ಸಂಜೆ ಅಂಗೈಯ ಮೇಲೆ ಎರಡನ್ನು ಇಟ್ಟುಕೊಂಡು ನೋಡಿದೆ: ಸಿರುಗುಪ್ಪದ ಸೋನಾ ಮಸೂರಿಯ ಒಂದು ಕಾಳು, ಕುರುಗೋಡಿನ ಕಣದಲ್ಲಿ ಉದುರಿದ್ದ ಬ್ಯಾಡಗಿ ಮೆಣಸಿನಕಾಯಿಯ ಒಂದು ಬೀಜ. ತೂಕದಲ್ಲಿ ಭತ್ತವೇ ಮಿಗಿಲು. ಜೀವಕೋಶದೊಳಗಣ ಬರಹದಲ್ಲಿ ಮಾತ್ರ ಆ ಹಗುರಾದ ಹಳದಿ ಬಿಲ್ಲೆಯದೇ ಸುಮಾರು ಒಂಬತ್ತು ಪಟ್ಟು ಹಿರಿತನ.

ಭಾರತವೂ ಪಾಲುಗೊಂಡಿದ್ದ ಅಂತಾರಾಷ್ಟ್ರೀಯ ಸಾಹಸವೊಂದು 2005ರಲ್ಲಿ ಓದಿ ಮುಗಿಸಿದ ಭತ್ತದ ಜೀನೋಮಿನಲ್ಲಿ ಸುಮಾರು 39 ಕೋಟಿ ಅಕ್ಷರಗಳು; 2014ರಲ್ಲಿ ಪ್ರಕಟವಾದ ಮೆಣಸಿನಕಾಯಿಯದರಲ್ಲಿ ಸುಮಾರು 350 ಕೋಟಿ. ಮೆಣಸಿನ ದಾಯಾದಿಯಾದ ಟೊಮೇಟೊವಿನದು 90 ಕೋಟಿ. ಆದರೂ ವಂಶವಾಹಿಗಳನ್ನು ಎಣಿಸಿದರೆ ಮೆಣಸಿನಕಾಯಿ, ಟೊಮೇಟೊ ಎರಡರಲ್ಲಿಯೂ ಸರಿಸುಮಾರು 35 ಸಾವಿರವೇ. ಹಾಗಾದರೆ ಮಿಕ್ಕುದೆಲ್ಲ ಏನು? ಬಹುಪಾಲು ಪುನರಾವೃತ್ತಿ. ಅದರಲ್ಲಿ ಪ್ರಧಾನವಾದುದು ವಿಜ್ಞಾನಿಗಳು ಜಿಪ್ಸಿ ಎಂದು ಹೆಸರಿಟ್ಟಿರುವ ತುಣುಕುಗಳ ಬಳಗ. ಇಂಥ ತುಣುಕು ತಾನಿದ್ದೆಡೆಯಲ್ಲಿಯೇ ಇದ್ದು, ತನ್ನ ಆರ್‌ಎನ್‌ಎ ಪ್ರತಿಯೊಂದನ್ನು ಮಾಡಿಸಿ, ಅದನ್ನು ಮರಳಿ ಡಿಎನ್‌ಎಯಾಗಿ ಬರೆಯಿಸಿ, ವರ್ಣತಂತುವಿನ ಬೇರೊಂದು ಎಡೆಯಲ್ಲಿ ಸೇರಿಸುವುದು. ಮೂಲವೂ ಉಳಿದು ನಕಲೂ ನಿಲ್ಲುವುದರಿಂದ ಗ್ರಂಥ ಬೆಳೆಯುತ್ತಲೇ ಹೋಗುವುದು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಈ ತುಣುಕಿನ ಎರಡು ತುದಿಗಳದು. ನೆಲೆಯೂರಿದಾಗ ಅವೆರಡೂ ಅಕ್ಷರಕ್ಕಕ್ಷರ ಒಂದೇ. ಬಳಿಕ ಒಂದೊಂದೂ ತನ್ನ ಪಾಡಿಗೆ ಸ್ಖಾಲಿತ್ಯಗಳನ್ನು ಕೂಡಿಸಿಕೊಳ್ಳುತ್ತ ಬರುವುದರಿಂದ, ಓಲೆಗರಿಯ ಎರಡು ಪ್ರತಿಗಳ ಪಾಠಾಂತರಗಳನ್ನು ಎಣಿಸಿ ಅವು ಕವಲೊಡೆದ ಕಾಲವನ್ನು ಊಹಿಸುವ ಗ್ರಂಥಸಂಪಾದಕನಂತೆ, ಸಸ್ಯವಿಜ್ಞಾನಿಯು ಆ ನಕಲು ಎಷ್ಟು ಲಕ್ಷ ವರ್ಷಗಳ ಹಿಂದಿನದೆಂಬುದನ್ನು ಅಂದಾಜಿಸಬಲ್ಲನು. ಭತ್ತದೊಳಕ್ಕೂ ಇಂಥ ತುಣುಕುಗಳು ಬೇಕಾದಷ್ಟು ನುಗ್ಗಿವೆ. ಆದರೆ ಸಮಾನವಾದ ಆ ತುದಿಗಳು ಒಂದರೊಡನೊಂದು ಬೆಸೆದು, ನಡುವಣದೆಲ್ಲ ಕಳಚಿಹೋಗಿ, ಒಂಟಿ ತುದಿಯೊಂದೇ ಉಳಿಯುವ ಕ್ರಿಯೆ ಅಲ್ಲಿ ಬಿಡದೆ ನಡೆದಿದೆ. ಅಳಿಸಿದುದರ ಗುರುತೂ ಹೀಗೆ ಅಳಿಯದೆ ನಿಂತಿದೆ.

ಇಂಥ ಭಾಗಗಳಿಗೆ ‘ಕಸ’ವೆಂಬ ಹೆಸರನ್ನು 1972ರಲ್ಲಿ ಪ್ರಚಾರಕ್ಕೆ ತಂದವರು ತಳಿವಿಜ್ಞಾನಿ ಸುಸುಮು ಓಹ್ನೊ. ಪ್ರತಿಯೊಂದು ನಕಲಿಗೂ ಉಪಯೋಗವಿದೆಯೆಂದು ಸಾಧಿಸಹೊರಡುವುದು ದುಡುಕು, ನಿಜ. ಆದರೆ ಕಾಲವನ್ನು ಇಷ್ಟು ನಿಚ್ಚಳವಾಗಿ ಹೊತ್ತಿರುವ ವಸ್ತುವನ್ನು ಕಸವೆನ್ನಲು ನನ್ನ ನಾಲಗೆ ಏಳದು.

ಎರೆಭೂಮಿಯ ಹತ್ತಿಯಲ್ಲಿ ಇದೇ ಕಥೆ ಮತ್ತೊಂದು ಬಗೆಯಾಗಿದೆ. ಇಂದು ಎಲ್ಲೆಲ್ಲಿಯೂ ಬೆಳೆಯುವ ಅಮೆರಿಕನ್ ಹತ್ತಿಯು, ನಮ್ಮ ಜವಾರಿ ಹತ್ತಿಯ ಬಂಧುವಾದ ‘ಎ’ ವಂಶವೂ ಅಮೆರಿಕದ ಕಾಡುಹತ್ತಿಯ ‘ಡಿ’ ವಂಶವೂ ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಕೂಡಿದುದರ ಫಲ. ಆ ಕೂಟಕ್ಕೆ ಮೊದಲೇ ಜಿಪ್ಸಿ ಬಳಗವು ‘ಎ’ ವಂಶವನ್ನು ಹಿಗ್ಗಿಸಿದ್ದಿತು. ಒಂದೇ ಕೋಶದಲ್ಲಿ ಇಷ್ಟು ಕಾಲ ಒಕ್ಕಲಿದ್ದರೂ ‘ಎ’ ಪಾಲು ಇಂದಿಗೂ ‘ಡಿ’ ಪಾಲಿನ ಹೆಚ್ಚುಕಡಮೆ ಇಮ್ಮಡಿಯಾಗಿಯೇ ಉಳಿದಿದೆ. ನನ್ನ ಡಬ್ಬಿಯಲ್ಲಿ ಜವಾರಿ ಹತ್ತಿಯ ಬೀಜವಿಲ್ಲ. ನಾಲ್ಕು ಕಾಳು ದೊರೆತಾವೆಂಬ ಆಸೆಯಿಂದ ಬರುವ ವಾರ ಹಗರಿಯ ದಂಡೆಯ ಹಳ್ಳಿಗಳ ಕಡೆಗೆ ಹೊರಡಲಿರುವೆನು.