ಕೀರ್ತಿ ಬಂದ ಮೇಲಿನ ಶಿಷ್ಯವೃತ್ತಿ: ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’

ಕನ್ನಡದಲ್ಲಿ ಸಂಗೀತಗಾರರ ಕುರಿತು ಬರೆದ ಗ್ರಂಥಗಳು ಸಾಕಷ್ಟಿವೆ. ಸಂಗೀತಗಾರರು ತಾವೇ ಬರೆದುಕೊಂಡ ಆತ್ಮಕಥನಗಳು ವಿರಳ. ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಮತ್ತು ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಎಂಬೆರಡು ಹೆಸರುಗಳು ಮೊದಲು ನೆನಪಿಗೆ ಬರುತ್ತವೆ. ಎರಡನೆಯದನ್ನು ಧಾರವಾಡದಲ್ಲಿ ಕುಳಿತು ಓದುವುದಕ್ಕೂ ಕೊಲ್ಹಾಪುರದಲ್ಲಿ ಕುಳಿತು ಓದುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ. ಧಾರವಾಡದ ಓದುಗನಿಗೆ ಅದು ತನ್ನೂರಿನ ಮಹನೀಯರೊಬ್ಬರು ದೊಡ್ಡವರಾದ ಕಥೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರಾದ ನಮಗೆ ಅದು ಧಾರವಾಡದ ಕಡೆಯ ಹುಡುಗನೊಬ್ಬ ನಮ್ಮ ಸೀಮೆಗೆ ಕಲಿಯಲು ಬಂದ ಕಥೆ. ಗಡಿಯ ಮಾತು ಬಂದಾಗಲೆಲ್ಲ ತಂಟೆ ತಕರಾರುಗಳೇ ಮುಂದಾಗುವ ನಮ್ಮ ಸಭೆಗಳಲ್ಲಿ ಈ ಪುಸ್ತಕದ ಹೆಸರು ಏಕೆ ಅಪರೂಪವೋ ತಿಳಿಯದು.

ಮನ್ಸೂರರ ಗುರುಪರಂಪರೆಯ ಮೊದಲ ಎಳೆ ಇಚಲಕರಂಜಿಯದು. ಅಲ್ಲಿಗೆ ಸಮೀಪದ ಚಂದೂರಿನಲ್ಲಿ 1849ರಲ್ಲಿ ಜನಿಸಿದ ಬಾಳಕೃಷ್ಣಬುವಾ ಉತ್ತರಕ್ಕೆ ಅಲೆದು, ಗ್ವಾಲಿಯರ್ ಗಾಯಕಿಯನ್ನು ವಾಸುದೇವಬುವಾ ಜೋಶಿಯವರಿಂದ ಸಂಪಾದಿಸಿ, ಖಯಾಲನ್ನು ಈ ಸೀಮೆಯಲ್ಲಿ ನೆಲೆಗೊಳಿಸಿದರು. ಮಿರಜ, ಇಚಲಕರಂಜಿಗಳ ದೊರೆಗಳ ಆಶ್ರಯದಲ್ಲಿ ಹಾಡಿದರು, ಕಲಿಸಿದರು. ಕುರುಂದವಾಡದಿಂದ ಬಂದ ವಿಷ್ಣು ದಿಗಂಬರ ಪಲುಸ್ಕರರು ಇವರಲ್ಲಿ ಕಲಿತು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅದೇ ಬುವಾರ ಮತ್ತೊಬ್ಬ ಶಿಷ್ಯರು ನೀಲಕಂಠಬುವಾ ಆಲೂರಮಠ. ಅಡ್ಡಹೆಸರೇ ಹೇಳುವಂತೆ ಅಚ್ಚ ಕನ್ನಡದವರು. ಅವರು ಮಿರಜೆಯಲ್ಲಿ ನೆಲೆಸಿ ಮನ್ಸೂರರಿಗೆ ಹಿಂದೂಸ್ತಾನಿ ಸಂಗೀತದ ಅಡಿಪಾಯ ಹಾಕಿದರು. ಇಚಲಕರಂಜಿ ಎಂದೊಡನೆ ಮಗ್ಗ, ನೂಲು ಎನ್ನುವವರೇ ಹೆಚ್ಚು. ‘ಇಚಲಕರಂಜಿಕರ’ ಎಂಬ ಹೆಸರನ್ನು ಭಾರತದ ಸಂಗೀತಲೋಕ ಇಂದಿಗೂ ಕೈಮುಗಿದು ಉಚ್ಚರಿಸುತ್ತದೆ ಎಂಬುದು ಆ ಊರಿನ ಮಕ್ಕಳಿಗೂ ತಿಳಿದಿರಲಿ.

ಗುರು ದೊರೆತ ಬಗೆಯೂ ಸ್ವಾರಸ್ಯಕರ. ಬಾಲಕ ಮನ್ಸೂರರು ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದರು. ಊರಿಂದ ಊರಿಗೆ ಸಾಗುವ ಕಂಪನಿ, ಪೆಟ್ಟಿಗೆ, ಪರದೆ, ರಾತ್ರಿಯಿಡೀ ರಂಗಗೀತೆ. ಅವರ ಮೊದಲ ಪಾಠಶಾಲೆಯೇ ಒಂದು ಸಂಚಾರ. ಅಲ್ಲಿ ಅವರ ದನಿಯನ್ನು ಕೇಳಿದ ನೀಲಕಂಠಬುವಾ ಹುಡುಗನನ್ನು ಕರೆದೊಯ್ದರು. ಅಂದಿನ ನಾಟಕ ಕಂಪನಿಗಳನ್ನು ಕೀಳಾಗಿ ಕಾಣುವ ವಿದ್ವಾಂಸರು ಗಮನಿಸಬೇಕಾದ ಸಂಗತಿಯಿದು.

ಕೃತಿಯ ಹೃದಯಭಾಗ ಇದಾದ ಮೇಲೆ ಬರುತ್ತದೆ. ಮೂವತ್ತರ ದಶಕದ ಹೊತ್ತಿಗೆ ಮನ್ಸೂರರ ಧ್ವನಿಮುದ್ರಿಕೆಗಳು ಹೊರಬಂದಿದ್ದವು, ಹೆಸರು ಹಬ್ಬಿತ್ತು, ಕಛೇರಿಗಳು ದೊರೆಯುತ್ತಿದ್ದವು. ಸಾಮಾನ್ಯ ಗಾಯಕನಾದರೆ ಅಷ್ಟರಲ್ಲೇ ತೃಪ್ತನಾಗಿ ಬದುಕು ಸಾಗಿಸಬಹುದಿತ್ತು. ಅವರು ಮುಂಬಯಿಯಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಗಾಯನಕ್ಕೆ ಮನಸೋತು, ಮತ್ತೆ ಮೊದಲ ಪಾಠಕ್ಕೆ ಕುಳಿತರು. ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. 1937ರಲ್ಲಿ ಮಂಜಿಖಾನರು ತೀರಿಕೊಂಡರು. ತಾಲೀಮು ನಡುನೀರಿನಲ್ಲಿ ಕಡಿದುಹೋಯಿತು. ಆಗ ಮನ್ಸೂರರು ಹಿಡಿದದ್ದು ಮಂಜಿಖಾನರ ತಮ್ಮ, ಕೊಲ್ಹಾಪುರದ ಭೂರ್ಜಿಖಾನರ ಪಾದವನ್ನು. ಭೂರ್ಜಿಖಾನರು 1950ರಲ್ಲಿ ನಿಧನರಾಗುವವರೆಗೆ ಆ ಸಂಬಂಧ ಉಳಿಯಿತು.

ಇದು ಎಷ್ಟು ಕಠಿಣವಾದ ನಿರ್ಧಾರವೆಂಬುದನ್ನು ತಿಳಿಯಲು ಎರಡು ಘರಾಣೆಗಳ ಭೇದವನ್ನು ಸ್ವಲ್ಪ ಅರಿಯಬೇಕು. ಗ್ವಾಲಿಯರ್ ಗಾಯಕಿ ಹೆದ್ದಾರಿಯಂತೆ: ರಾಗ ಪ್ರಸಿದ್ಧ, ಬಂದಿಶಿನ ಸ್ಥಾಯಿ ಅಂತರಾಗಳು ಸ್ಪಷ್ಟ, ತಾನುಗಳು ನೇರ. ಅಲ್ಲಾದಿಯಾ ಖಾನರ ಜೈಪುರ-ಅತ್ರೌಲಿ ಗಾಯಕಿಯಲ್ಲಿ ರಾಗಗಳೇ ವಿರಳ. ಹಲವು ಸಂಕೀರ್ಣ ರಾಗಗಳು, ಒಂದರೊಳಗೊಂದು ಬೆಸೆದ ಜೋಡುರಾಗಗಳು. ಆಲಾಪ ತಾಳದಿಂದ ಬಿಡುಗಡೆ ಪಡೆಯುವುದಿಲ್ಲ. ಪ್ರತಿಯೊಂದು ಸ್ವರಸಮೂಹವೂ ಆವರ್ತನದ ಒಳಗೇ ಹುಟ್ಟಿ, ಮಾತ್ರೆಗಳ ನಡುವೆ ನುಸುಳಿ, ಸಮಕ್ಕೆ ಬಂದು ಸೇರಬೇಕು. ಹಾಸು-ಹೊಕ್ಕು ಎಂದರೇನೆಂದು ಇಚಲಕರಂಜಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ: ತಾಳ ಹಾಸು, ಸ್ವರ ಹೊಕ್ಕು. ಒಂದೆಳೆ ತಪ್ಪಿದರೂ ಬಟ್ಟೆಯಲ್ಲಿ ಕಾಣುತ್ತದೆ. ಗಂಟಲಿಗೆ ರೂಢಿಯಾದ ದಾರಿಯನ್ನು ಮರೆತು ಇದನ್ನು ಕಲಿಯುವುದು, ಅದೂ ಸಂಸಾರವನ್ನು ನಡೆಸಲು ಕಛೇರಿ ಮಾಡುತ್ತಲೇ ಕಲಿಯುವುದು, ಸಾಹಸವೇ ಸರಿ. ಮುಂದೆ ಅವರು ಹಾಡಿದ ಶುದ್ಧ ನಟ್, ಖಟ್, ಬಿಹಾರಿ, ಏಕ್ ನಿಷಾದ್ ಬಿಹಾಗಡಾಗಳನ್ನು ಕೇಳಿದವರಿಗೆ ಆ ಸಾಹಸದ ಬೆಲೆ ತಿಳಿದಿದೆ. ಅಲ್ಲಾದಿಯಾ ಖಾನರೂ ಒಮ್ಮೆ ಕಂಠವನ್ನು ಕಳೆದುಕೊಂಡು, ಉಳಿದ ದನಿಗೆ ಒಪ್ಪುವಂತೆ ಹೊಸ ಗಾಯಕಿಯನ್ನು ಕಟ್ಟಿಕೊಂಡವರು. ಮರಳಿ ಮೊದಲಿಟ್ಟುಕೊಳ್ಳುವುದು ಈ ಘರಾಣೆಯ ಹುಟ್ಟುಗುಣ ಎನ್ನಬಹುದೇನೋ.

ಮನ್ಸೂರರ ಗದ್ಯ ಅಲಂಕಾರವನ್ನು ಬಯಸದ ಗದ್ಯ. ದೊಡ್ಡ ಮಾತುಗಳಿಲ್ಲ, ತನ್ನ ಕಛೇರಿಗಳ ಜಯಭೇರಿಯಿಲ್ಲ. ಆತ್ಮಕಥೆ ಎಂದರೆ ಆತ್ಮಪ್ರಶಂಸೆ ಎಂದುಕೊಂಡ ಬರಹಗಾರರ ನಡುವೆ ಈ ಸಂಯಮ ದೊಡ್ಡ ಗುಣ. ಆದರೆ ಗುಣದ ಬೆನ್ನಿಗೇ ಕೊರತೆಯೂ ಇದೆ. ಗುರುವಿನ ವಿಷಯ ಬಂದೊಡನೆ ಲೇಖಕರು ತಲೆಬಾಗುತ್ತಾರೆ. ಬಾಗಿದ ತಲೆಗೆ ಪಾದ ಕಾಣುವಷ್ಟು ಮುಖ ಕಾಣದು. ಭೂರ್ಜಿಖಾನರು ಪಾಠವನ್ನು ಹೇಗೆ ಆರಂಭಿಸುತ್ತಿದ್ದರು, ಶಿಷ್ಯನ ಹಳೆಯ ರೂಢಿಗಳನ್ನು ಹೇಗೆ ಕಳಚಿದರು, ಯಾವಾಗ ಸಿಟ್ಟಾದರು, ಯಾವಾಗ ‘ಭಲೇ’ ಎಂದರು ಎಂಬುದನ್ನು ನಮ್ಮ ಊರಿನ ಓದುಗ ಕೇಳಿಯೇ ಕೇಳುತ್ತಾನೆ. ಅವನ ಹಸಿವು ಪೂರ್ತಿ ತೀರುವುದಿಲ್ಲ. ಇದೇ ಭೂರ್ಜಿಖಾನರ ಮತ್ತೊಬ್ಬ ಶಿಷ್ಯೆ, ಕೊಲ್ಹಾಪುರದ ಧೋಂಡೂತಾಯಿ ಕುಲಕರ್ಣಿಯವರ ಕುರಿತು ನಮಿತಾ ದೇವಿದಯಾಳರು 2007ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ದಿ ಮ್ಯೂಸಿಕ್ ರೂಮ್’ ಕೃತಿಯಲ್ಲಿ ಪಾಠದ ಕೋಣೆಯೇ ಕಥೆಯ ಕೇಂದ್ರ. ಭೂರ್ಜಿಖಾನರ ಮಗ ಅಜೀಜುದ್ದೀನ್ ಖಾನರು ತಾತ ಅಲ್ಲಾದಿಯಾ ಖಾನರು ಹೇಳಿದ ಜೀವನವೃತ್ತಾಂತವನ್ನು ಬರೆದುಕೊಂಡರು. ಅದರಲ್ಲಿ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆದ ಗಾಯಕನ ಬದುಕು ಅವನದೇ ಮಾತಿನಲ್ಲಿ ನಮಗೆ ದೊರೆಯುತ್ತದೆ. ಈ ಮೂರನ್ನೂ ಒಟ್ಟಿಗಿಟ್ಟು ಓದಿದರೆ ಒಂದೇ ಮನೆಯನ್ನು ಮೂರು ಬಾಗಿಲುಗಳಿಂದ ಹೊಕ್ಕಂತಾಗುತ್ತದೆ. ಕನ್ನಡದ ಬಾಗಿಲು ಭಕ್ತಿಯದು.

ಸಂಚಾರಿ ಗಾಯಕನ ಲೌಕಿಕವೂ ಇನ್ನಷ್ಟು ಬೇಕಿತ್ತು. ಅಂದು ಧಾರವಾಡದಿಂದ ಕೊಲ್ಹಾಪುರಕ್ಕೆ ಬರುವುದೆಂದರೆ ಲೋಂಡಾ, ಬೆಳಗಾವಿಗಳನ್ನು ದಾಟಿ ಮಿರಜೆಗೆ ಮೀಟರ್ ಗೇಜಿನ ನಿಧಾನ ಪ್ರಯಾಣ. ಅಲ್ಲಿಂದ 1891ರಲ್ಲಿ ತೆರೆದ ಕೊಲ್ಹಾಪುರದ ಕವಲು ದಾರಿ. ಆ ಓಡಾಟದ ಖರ್ಚು, ಕಛೇರಿಯಿಲ್ಲದ ತಿಂಗಳುಗಳು, ಮನೆಯಲ್ಲಿ ಕಾದವರ ಪಾಡು ಇವೆಲ್ಲ ಪುಟಗಳಲ್ಲಿ ವಿಸ್ತಾರವಾಗಿ ಬಂದಿದ್ದರೆ ‘ಯಾತ್ರೆ’ ಎಂಬ ಶಬ್ದಕ್ಕೆ ಮಣ್ಣಿನ ವಾಸನೆಯೂ ಸೇರುತ್ತಿತ್ತು. ಮನೆಯವರ ತಾಳ್ಮೆಯಿಲ್ಲದೆ ಯಾವ ಗಂಡಸಿನ ಸಂಗೀತವೂ ನಡೆದಿಲ್ಲ. ಈ ಮಾತನ್ನು ನಮ್ಮ ಸಂಘದ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ಗುರುಗಳ ಬಗ್ಗೆ ಅಷ್ಟು ಹೇಳಿದ ಮನ್ಸೂರರು ತಾವೇ ಗುರುವಾದ ಬಗ್ಗೆ ಹಿಂಜರಿಯುತ್ತಾರೆ. ಆಕಾಶವಾಣಿ, ಕರ್ನಾಟಕ ವಿಶ್ವವಿದ್ಯಾಲಯಗಳೊಡನೆ ಅವರ ನಂಟು, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿಯವರಂಥ ಶಿಷ್ಯರು, ತಂದೆಯ ಗಾಯಕಿಯನ್ನೇ ಮುಂದುವರಿಸಿದ ಮಗ ರಾಜಶೇಖರ ಮನ್ಸೂರರು: ಇವೆಲ್ಲ ಒಬ್ಬ ಬೋಧಕನ ಜೀವನಕ್ಕೆ ಸಾಕಷ್ಟು ವಸ್ತು. ಮನೆಯ ಮಜಲಿನ ತಾಲೀಮಿನಲ್ಲಿ ಬೆಳೆದವರು ಗಂಟೆ ಬಾರಿಸಿದರೆ ಪಾಠ ಮುಗಿಯುವ ವಿಶ್ವವಿದ್ಯಾಲಯದಲ್ಲಿ ಏನನ್ನು ಕಲಿಸಲು ಸಾಧ್ಯವೆಂದು ಕಂಡರು? ಈ ಪ್ರಶ್ನೆಗೆ ಅವರ ಉತ್ತರ ದೊರೆತಿದ್ದರೆ, ಇಂದು ಭಾನುವಾರದ ತರಗತಿಗೆ ಮಕ್ಕಳನ್ನು ಕಳಿಸುವ ನಮ್ಮೆಲ್ಲರಿಗೂ ಉಪಕಾರವಾಗುತ್ತಿತ್ತು. ದೊಡ್ಡ ಮನ್ನಣೆಗಳು ಅವರಿಗೆ ತಡವಾಗಿಯೇ ಬಂದವು. 1970ರಲ್ಲಿ ಪದ್ಮಶ್ರೀ ದೊರೆತಾಗ ಅರವತ್ತು ಸಮೀಪಿಸಿತ್ತು. ಪದ್ಮವಿಭೂಷಣ ಬಂದ 1992ರಲ್ಲೇ ಅವರು ಕಣ್ಮರೆಯಾದರು. ಇಷ್ಟು ತಡವಾದುದಕ್ಕೆ ಗೊಣಗದ ಲೇಖನಿ ಅದು.

ಇನ್ನೊಂದು ಮಾತನ್ನು ಗಡಹಿಂಗ್ಲಜದ ಬಂಧುಗಳಿಗಾಗಿ ಸೇರಿಸುತ್ತೇನೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ, ವಚನ ಮಾತ್ರ ಬಾಯಿಪಾಠ. ಮನ್ಸೂರರು ಹಾಡಿದ ವಚನಗಳನ್ನು ಭಕ್ತಿಯಿಂದ ಕೇಳುವವರಲ್ಲಿ ಅನೇಕರಿಗೆ, ಅವುಗಳ ಹಿಂದಿನ ರಾಗದ ಶಿಸ್ತನ್ನು ಕೊಟ್ಟದ್ದು ಕೊಲ್ಹಾಪುರದ ಒಬ್ಬ ಮುಸಲ್ಮಾನ ಗುರುವೆಂಬುದು ತಿಳಿದಿರಲಾರದು. ಬ್ರಜಭಾಷೆಯ ಬಂದಿಶುಗಳಲ್ಲಿ ಕಲಿತದ್ದು ಕನ್ನಡದ ವಚನಕ್ಕೆ ಇಳಿದು ಬಂತು. ಕಲಿತ ಕಥೆಯನ್ನು ಅವರು ಬರೆದದ್ದೂ ಕನ್ನಡದಲ್ಲೇ. ರಾಜಶೇಖರ ಮನ್ಸೂರರು ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಕನ್ನಡ ಲಿಪಿ ಬಾರದ ನಮ್ಮ ಮೊಮ್ಮಕ್ಕಳು ಅದನ್ನಾದರೂ ಓದಬಹುದು. ಆದರೆ ಪುಸ್ತಕ ಚಿಕ್ಕದು, ಭಾಷೆ ಸರಳ. ದಿನಕ್ಕೆ ನಾಲ್ಕು ಪುಟದಂತೆ ಅಜ್ಜ-ಅಜ್ಜಿಯರು ಗಟ್ಟಿಯಾಗಿ ಓದಿ ಹೇಳಿದರೆ, ಕೊಲ್ಹಾಪುರದ ಹೆಸರು ಬರುವ ಪುಟಕ್ಕೆ ಮಕ್ಕಳು ತಾವಾಗಿಯೇ ಕಿವಿ ನಿಮಿರಿಸಿ ಕೂರುತ್ತಾರೆ.