ಹೊನ್ನಾಳಿಯ ವೀರಗಲ್ಲು ಯಾವ ಸಂಪುಟದಲ್ಲಿದೆ?

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಇಲಾಖೆ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆದದ್ದು 2020ರ ಆರಂಭದಲ್ಲಿ. ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂತು, ವಾಚನಾಲಯಗಳಿಗೆ ಬೀಗ ಬಿತ್ತು. ಊರ ಲೈಬ್ರರಿಯ ಬೆಂಚನ್ನೇ ನಂಬಿಕೊಂಡು ಎಫ್‌ಡಿಎ, ಪಿಡಿಒ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಿದ್ದವರಿಗೆ ಆಗ ಫೋನಿನಲ್ಲೇ ಪುಸ್ತಕ, ಪರೀಕ್ಷಾ ಸಾಮಗ್ರಿ, ಪಾಠದ ವಿಡಿಯೊ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕೋಚಿಂಗ್ ಸೆಂಟರಿನ ಶುಲ್ಕ ಕಟ್ಟಲಾಗದ ಮನೆಗಳಲ್ಲಿ ಇದರ ಬೆಲೆ ಏನೆಂದು ಬಲ್ಲವರು ಬಲ್ಲರು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಹಾಗಾಗಿ, ಪುಕ್ಕಟೆ ಸಿಗುವುದಲ್ಲವೇ ಎಂದು ಸುಮ್ಮನಾಗಬೇಕಿಲ್ಲ.

ಪರೀಕ್ಷೆಗೆ ಓದುವವರಿಗೆ ಪಠ್ಯಕ್ರಮವೇ ದಾರಿ ತೋರಿಸುತ್ತದೆ. ಯಾವ ಪುಸ್ತಕ ಬೇಕೆಂಬುದು ಅವರಿಗೆ ಮೊದಲೇ ಗೊತ್ತು. ತನಗೆ ಬೇಕಾದ ಪುಸ್ತಕದ ಹೆಸರೇ ಗೊತ್ತಿಲ್ಲದೆ, ಬರೀ ಒಂದು ಪ್ರಶ್ನೆ ಹಿಡಿದು ಬರುವ ಓದುಗರ ಪಾಡು ಬೇರೆ. ನನ್ನ ದೃಷ್ಟಿಯಲ್ಲಿ ಗ್ರಂಥಾಲಯದ ನಿಜವಾದ ಪರೀಕ್ಷೆ ನಡೆಯುವುದು ಇಂಥವರ ಎದುರಿಗೆ.

ಹೊನ್ನಾಳಿ ತಾಲ್ಲೂಕಿನ ಒಬ್ಬ ಹುಡುಗಿಗೆ ತನ್ನೂರ ಗುಡಿಯ ಬಳಿಯ ವೀರಗಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿಯಬೇಕಿದೆ ಎನ್ನೋಣ. ಕೊಡಗು ಮತ್ತು ಮೈಸೂರು ಸಂಸ್ಥಾನದ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1886ರಿಂದಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರಕಟಿಸಿದರು. ಆ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಸಿಗುತ್ತವೆ. ಆದರೆ ಈಕೆ ಹುಡುಕುವುದು ‘ದಾವಣಗೆರೆ ಜಿಲ್ಲೆಯ ಶಾಸನಗಳು’ ಎಂದು. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ರೈಸ್ ಕಾಲಕ್ಕೆ ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಅಲ್ಲಿನ ಶಾಸನಗಳು ಶಿಕಾರಿಪುರ, ಚನ್ನಗಿರಿಗಳ ಜೊತೆ ಏಳನೆಯ ಸಂಪುಟದಲ್ಲಿವೆ. ದಾವಣಗೆರೆ ಊರಿನವು ಚಿತ್ರದುರ್ಗದ ಹನ್ನೊಂದನೆಯ ಸಂಪುಟದಲ್ಲಿ. ಮೇಲಾಗಿ ಸಂಶೋಧಕರು ಶಾಸನವನ್ನು ಗುರುತಿಸುವುದು ತಾಲ್ಲೂಕಿನ ಹೆಸರು ಮತ್ತು ಅದರ ಮುಂದಿನ ಒಂದು ಸಂಖ್ಯೆಯಿಂದ. ಇಷ್ಟು ತಿಳಿಯದವರ ಕಣ್ಣಿಗೆ ಆ ಸಂಪುಟ ಬಿದ್ದರೂ ಅದು ತಮ್ಮೂರಿನದೆಂದು ಹೊಳೆಯುವುದಿಲ್ಲ. ಅನುಭವಿ ಗ್ರಂಥಪಾಲಕರಿಗೆ ಇದು ಒಂದು ನಿಮಿಷದ ಉತ್ತರ. ಡಿಜಿಟಲ್ ಗ್ರಂಥಾಲಯ ಕಟ್ಟುವಾಗ ನಾವು ಬಿಟ್ಟುಬಿಟ್ಟಿರುವುದು ಈ ಒಂದು ನಿಮಿಷವನ್ನು.

ಇದೇ ತಪ್ಪನ್ನು ನಾವು ಹಿಂದೆಯೂ ಕಂಡಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಗಟ್ಟಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಇಂದು ನಮಗೆ ದೊರೆಯುವ ಎಷ್ಟೋ ಅಪರೂಪದ ಕನ್ನಡ ಪುಸ್ತಕಗಳು ಆ ಶ್ರಮದ ಫಲ. ಆದರೆ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಒಮ್ಮೆ ಒಂದು ಕಾಗುಣಿತದಲ್ಲಿ, ಇನ್ನೊಮ್ಮೆ ಮತ್ತೊಂದರಲ್ಲಿ ದಾಖಲಿಸಲಾಗಿತ್ತು. ಕನ್ನಡದಲ್ಲಿ ಟೈಪಿಸಿದವರಿಗೆ ಕನ್ನಡ ಪುಸ್ತಕ ಸಿಗುತ್ತಿರಲಿಲ್ಲ. ಸಿಕ್ಕರೂ ಒಂದೊಂದೇ ಪುಟ ತೆರೆಯಬೇಕಿತ್ತು. ಕೊನೆಗೆ ‘ಸಂಚಯ’ ಎಂಬ ಬಳಗ ಸ್ವಯಂಸೇವಕರನ್ನು ಕೂಡಿಸಿಕೊಂಡು ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ವೆಂಬ ಹುಡುಕು ತಾಣ ಕಟ್ಟಿತು. ಸಂಬಳವಿಲ್ಲದ ಕೈಗಳು ಮಾಡಿದ ಈ ಕೆಲಸವನ್ನು ನಾನು ಕನ್ನಡದ ದೊಡ್ಡ ಗ್ರಂಥಾಲಯ ಸೇವೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಮುಂದೆ ಮೂಲ ತಾಣವೇ ಮುಚ್ಚಿತು; ಇಂಟರ್ನೆಟ್ ಆರ್ಕೈವ್‌ಗೆ ಪ್ರತಿಗಳು ಹೋಗಿದ್ದರಿಂದ ಪುಸ್ತಕಗಳು ಉಳಿದವು.

ಓದುಗರ ಸಮಯ ಉಳಿಸಬೇಕೆಂಬುದನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ಶಾಸ್ತ್ರದ ನಾಲ್ಕನೆಯ ಸೂತ್ರವಾಗಿ ಮುಂದಿಟ್ಟರು. ದಾಖಲೀಕರಣದ ಕೆಲಸವನ್ನೇ ಕಲಿಸುವ ಸಂಶೋಧನಾ ಕೇಂದ್ರವೊಂದನ್ನು 1962ರಲ್ಲಿ ಅವರು ಸ್ಥಾಪಿಸಿದ್ದೂ ಬೆಂಗಳೂರಿನಲ್ಲೇ. ಅಂಥ ಊರಿನಿಂದ ನಡೆಯುವ ಡಿಜಿಟಲ್ ಗ್ರಂಥಾಲಯದಲ್ಲಿ ಸೂಚಿ ಹೇಗಿರಬೇಕು? ಲಾಗಿನ್ ಇಲ್ಲದೆ ಎಲ್ಲರಿಗೂ ತೆರೆದಿರಬೇಕು. ಲೇಖಕರ ಕಾವ್ಯನಾಮ, ಮುದ್ರಣದ ವರ್ಷ, ಊರು ಆಗ ಯಾವ ಜಿಲ್ಲೆಯಲ್ಲಿತ್ತು, ಈಗ ಯಾವುದರಲ್ಲಿದೆ, ಇವೆಲ್ಲ ಕನ್ನಡದಲ್ಲೇ ಸಿಗಬೇಕು. ಪ್ರತಿ ಪುಸ್ತಕಕ್ಕೂ ಬದಲಾಗದ ವಿಳಾಸವಿರಬೇಕು, ಇಲ್ಲದಿದ್ದರೆ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದನ್ನು ಕೊಡುವುದಾದರೂ ಹೇಗೆ? ನೋಂದಾಯಿಸಿಕೊಂಡವರೆಷ್ಟು, ಪುಸ್ತಕಗಳೆಷ್ಟು ಎಂಬ ಲೆಕ್ಕದಿಂದ ಇದಾವುದೂ ತಿಳಿಯುವುದಿಲ್ಲ.

ಸಂಗ್ರಹ ಬೆಳೆಸಲು ದುಡ್ಡೇ ಬೇಕೆಂದೂ ಇಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಕಳೆದರೆ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ರಾಷ್ಟ್ರಕವಿ ಎಂ. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತ ಕಾಲದಲ್ಲೇ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಪಂಜೆ, ಕೈಲಾಸಂ, ಬಿಎಂಶ್ರೀ ಅವರ ಪುಸ್ತಕಗಳು ಇನ್ನೂ ಮೊದಲೇ ಮುಕ್ತವಾಗಿವೆ. ಪ್ರತಿ ಹೊಸವರ್ಷದ ದಿನ ಆ ವರ್ಷ ಮುಕ್ತವಾದ ಲೇಖಕರ ಪಟ್ಟಿಯನ್ನು, ಓದಲು ಬರುವ ಶುದ್ಧ ಪ್ರತಿಗಳ ಸಮೇತ, ಇಲಾಖೆಯೇ ಹೊರತರಬಹುದು.

ಹೊಸ ಸಂಶೋಧನೆಯ ಬಾಗಿಲು ಮಾತ್ರ ಇನ್ನೂ ಮುಚ್ಚಿಯೇ ಇದೆ. 2025ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮುಟ್ಟಿಸಲು ಹೊರಟಿದೆ. ಸಾರ್ವಜನಿಕ ಗ್ರಂಥಾಲಯದ ಓದುಗರು ಅದರ ಹೊರಗೇ ಉಳಿದರು. ಬ್ರಿಟನ್ನಿನಲ್ಲಿ 2014ರಿಂದಲೇ ಊರ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತವರಿಗೆ ಇಂಥ ಲೇಖನಗಳನ್ನು ಉಚಿತವಾಗಿ ಓದಲು ಕೊಡುವ ಏರ್ಪಾಡು ನಡೆದಿದೆ. ಕನಿಷ್ಠ ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯಗಳಿಗಾದರೂ ಆ ಸೌಲಭ್ಯ ಬೇಕೆಂದು ರಾಜ್ಯ ಕೇಳಬೇಕಿತ್ತು.

ಸೂಚಿ, ಸಂಗ್ರಹ ಎಷ್ಟಿದ್ದರೂ ದಾರಿ ತೋರಿಸುವ ಮನುಷ್ಯರೂ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. ಈಗ ಅವು ‘ಅರಿವು ಕೇಂದ್ರ’ಗಳು, 5 ಸಾವಿರಕ್ಕೂ ಹೆಚ್ಚಿವೆ. ಹಲವು ಕಡೆ ಕಂಪ್ಯೂಟರ್ ಬಂದಿದೆ, ಮಕ್ಕಳು ಬರುತ್ತಿದ್ದಾರೆ. ಅಲ್ಲಿ ಕೂರುವ ಮೇಲ್ವಿಚಾರಕರೇ ಡಿಜಿಟಲ್ ಗ್ರಂಥಾಲಯಕ್ಕೆ ಬೇಕಾದ ಮನುಷ್ಯರು. ಯಾವ ತಾಣದಲ್ಲಿ ಏನಿದೆ, ಹೇಗೆ ಹುಡುಕಬೇಕು ಎಂಬ ತರಬೇತಿಯನ್ನು ಅವರಿಗೆ ಕೊಡಬೇಕು, ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. ಹೊನ್ನಾಳಿಯ ಹುಡುಗಿಗೆ ಏಳನೆಯ ಸಂಪುಟ ತೆಗೆದುಕೊಡಬಲ್ಲವರು ಅವರೇ.